ಹೇರ್ ಟ್ರಾನ್ಸ್‌ಪ್ಲಾಂಟ್ ಆಗಿ ಐದು ವರ್ಷಕ್ಕೆ ಮತ್ತೆ ಉದುರಿತು: ನಂಜನಗೂಡಿನಲ್ಲಿ ಮುಡಿ ಕೊಟ್ಟ ದಿನ

ನೀವು ಈಗ ನೋಡುತ್ತಿರುವುದು ನಂಜನಗೂಡಿನ ಸ್ನಾನಘಟ್ಟ. ಫೆಬ್ರುವರಿ ತಿಂಗಳು, ಬೆಳಿಗ್ಗೆ ಆರೂವರೆ. ಕಪಿಲೆಯ ಮೇಲೆ ಇನ್ನೂ ಸ್ವಲ್ಪ ಮಂಜು ಇದೆ. ಮೆಟ್ಟಿಲ ಮೇಲೆ ನೀಲಿ ಸೀರೆ ಉಟ್ಟು ಕೂತಿರುವವರು ನಮ್ಮಮ್ಮ. ಮುಖ ತೋರಿಸಬೇಡ ಅಂದಿದ್ದಾರೆ, ಅದಕ್ಕೇ ಹಿಂದಿನಿಂದ ತೆಗೆದಿದ್ದೇನೆ.

ಇನ್ನು ಅರ್ಧ ಗಂಟೆಯಲ್ಲಿ ನಾನು ಮುಡಿ ಕೊಡಬೇಕು. ನನ್ನ ತಲೆಯ ಹಿಂಭಾಗದಲ್ಲಿ 2,400 ಸಣ್ಣ ಬಿಳಿ ಚುಕ್ಕೆಗಳಿವೆ. ಅಮ್ಮನಿಗೆ ಅದು ಗೊತ್ತಿಲ್ಲ.

ಮೊದಲಿನಿಂದ ಹೇಳುತ್ತೇನೆ.

ನನಗೆ ಕೂದಲು ಉದುರಲು ಶುರುವಾಗಿದ್ದು 22ನೇ ವಯಸ್ಸಿನಲ್ಲಿ. ಹಣೆಯ ಎರಡೂ ಮೂಲೆ ಹಿಂದೆ ಸರಿಯುತ್ತಾ ಹೋದವು. ಬೆಂಗಳೂರಿಗೆ ಬಂದವರೆಲ್ಲ ಮೊದಲು ಬೈಯುವುದು ಬೋರ್‌ವೆಲ್ ನೀರನ್ನು, ಅಲ್ವಾ? ನಾನೂ ಬೈದೆ. ಶವರ್‌ಗೆ ಫಿಲ್ಟರ್ ಹಾಕಿಸಿದೆ. ಈರುಳ್ಳಿ ರಸ ಹಚ್ಚಿದೆ. ಅಮ್ಮ ದಾಸವಾಳದ ಎಲೆ, ಮೆಂತ್ಯ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಕಳಿಸುತ್ತಿದ್ದರು, ಅದನ್ನೂ ಹಚ್ಚಿದೆ. ಗಡಸು ನೀರಿಗೆ ಕೂದಲು ಒರಟಾಗಬಹುದು. ಆದರೆ ನನ್ನಂಥವರ ತೊಂದರೆ ಇರುವುದು ಬುಡದಲ್ಲಿ. ಡಿಎಚ್‌ಟಿ ಅನ್ನುವ ಹಾರ್ಮೋನು, ಅದನ್ನು ತಾಳಿಕೊಳ್ಳಲಾರದ ಬುಡಗಳು. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ಬರುವ ಗುಣ ಇದು. ಪ್ರತಿ ಸಲ ಉದುರಿ ಮತ್ತೆ ಹುಟ್ಟುವಾಗ ಕೂದಲು ಮೊದಲಿಗಿಂತ ತೆಳ್ಳಗಾಗುತ್ತದೆ. ಕೊನೆಗೆ ಕಣ್ಣಿಗೇ ಕಾಣದಷ್ಟು.

2019ರ ನವೆಂಬರ್‌ನಲ್ಲಿ, 26ನೇ ವಯಸ್ಸಿಗೆ, ಟ್ರಾನ್ಸ್‌ಪ್ಲಾಂಟ್ ಮಾಡಿಸಿಕೊಂಡೆ. 1,20,000 ರೂಪಾಯಿ ಲೋನ್ ತೆಗೆದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಹಳ್ಳಿ ಕಡೆಯವರಿಗೆ ನಾನು ಇದನ್ನು ನಾಟಿ ಅಂತ ಹೇಳಿದರೆ ಬೇಗ ಅರ್ಥವಾಗುತ್ತದೆ. ಒಟ್ಲಿನಿಂದ ಪೈರು ಕಿತ್ತು ಗದ್ದೆಗೆ ನೆಡುವುದಿಲ್ಲವಾ, ಹಾಗೆ. ತಲೆಯ ಹಿಂಭಾಗ ಒಟ್ಲು, ಮುಂದಿನ ಬೋಳು ಜಾಗ ಗದ್ದೆ. ಒಂದು ಮಿಲಿಮೀಟರ್ ಅಗಲವೂ ಇರದ ಕೊಳವೆಯಂಥ ಉಪಕರಣದಿಂದ ಬುಡಸಮೇತ ಕೂದಲು ಬಿಡಿಸುತ್ತಾರೆ. ಹಾಗೆ ಬಿಡಿಸಿದ ಒಂದೊಂದು ಬುಡಕ್ಕೆ ಗ್ರಾಫ್ಟ್ ಅನ್ನುತ್ತಾರೆ, ಅದರಲ್ಲಿ ಒಂದರಿಂದ ನಾಲ್ಕು ಕೂದಲು ಇರುತ್ತವೆ. ನನಗೆ ಬೆಳಿಗ್ಗೆಯಿಂದ ಸಂಜೆವರೆಗೆ ಹಿಡಿಯಿತು, ಅರ್ಧ ದಿನ ಬೋರಲು, ಅರ್ಧ ದಿನ ಅಂಗಾತ. ಆದರೆ ಒಟ್ಲಿಗೂ ತಲೆಗೂ ಒಂದು ವ್ಯತ್ಯಾಸ ಇದೆ. ಒಟ್ಲಿಗೆ ಮತ್ತೆ ಬೀಜ ಚೆಲ್ಲಬಹುದು. ತಲೆಯ ಹಿಂಭಾಗದಲ್ಲಿ ಒಮ್ಮೆ ಕಿತ್ತ ಕಡೆ ಮತ್ತೆ ಹುಟ್ಟುವುದಿಲ್ಲ, ಸಣ್ಣ ಬಿಳಿ ಚುಕ್ಕೆ ಉಳಿಯುತ್ತದೆ. ಜೀವಮಾನಕ್ಕೆಲ್ಲ ಸೇರಿ ತೆಗೆಯಲು ಸಿಗುವುದು ಕೆಲವು ಸಾವಿರ ಗ್ರಾಫ್ಟ್ ಮಾತ್ರ.

ಮೂರನೇ ವಾರಕ್ಕೆ ನೆಟ್ಟ ಕೂದಲೆಲ್ಲ ಉದುರಿತು. ಅದು ಸಹಜ, ಬುಡ ಒಳಗೇ ಇರುತ್ತದೆ ಅಂತ ಮೊದಲೇ ಹೇಳಿದ್ದರು. ನಾಲ್ಕನೇ ತಿಂಗಳಿಗೆ ಮೊಳಕೆ ಬಂತು. ಒಂದು ವರ್ಷ ತುಂಬುವ ಹೊತ್ತಿಗೆ ಕನ್ನಡಿ ಮುಂದೆ ನಿಂತರೆ ನಾನು ಕಾಲೇಜಿನಲ್ಲಿ ಇದ್ದ ಹಾಗೇ ಕಾಣುತ್ತಿದ್ದೆ. ಈ ಫೋಟೋ ನೋಡಿ, 2020ರ ಡಿಸೆಂಬರ್. ಎಷ್ಟು ಖುಷಿ ಇದೆ ಮುಖದಲ್ಲಿ. ಆ ಖುಷಿ ಸುಳ್ಳಲ್ಲ, ಅದನ್ನು ನಾನು ಈಗಲೂ ಕಡಿಮೆ ಮಾಡಿ ಹೇಳುವುದಿಲ್ಲ.

ತಪ್ಪಾಗಿದ್ದು ಅಲ್ಲೇ. ಚೀಟಿಯಲ್ಲಿ ಒಂದು ಮಾತ್ರೆ ಬರೆದಿದ್ದರು, ಫಿನಾಸ್ಟರೈಡ್, ದಿನಕ್ಕೆ 1 ಮಿಲಿಗ್ರಾಂ. ಜೊತೆಗೆ ಮಿನಾಕ್ಸಿಡಿಲ್ ಹಚ್ಚಲು ಹೇಳಿದ್ದರು. ಎಷ್ಟು ದಿನ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೂದಲು ಬಂದಿದೆಯಲ್ಲ, ಇನ್ಯಾಕೆ ಅಂತ ಒಂದು ವರ್ಷಕ್ಕೆ ಎರಡನ್ನೂ ಬಿಟ್ಟೆ.

1959ರಲ್ಲಿ ನ್ಯೂಯಾರ್ಕ್‌ನ ಚರ್ಮವೈದ್ಯ ನಾರ್ಮನ್ ಓರೆಂಟ್ರಿಚ್ ಒಂದು ವಿಷಯ ಬರೆದರು. ಈ ಚಿಕಿತ್ಸೆ ಪೂರ್ತಿ ನಿಂತಿರುವುದು ಅದರ ಮೇಲೆ. ಕಿತ್ತು ನೆಟ್ಟ ಕೂದಲು ತಾನು ಬಂದ ಜಾಗದ ಗುಣವನ್ನೇ ಇಟ್ಟುಕೊಳ್ಳುತ್ತದೆ. ಹಿಂಭಾಗದ ಕೂದಲು ಗಟ್ಟಿ, ಹಾಗಾಗಿ ಮುಂದೆ ನೆಟ್ಟರೂ ಗಟ್ಟಿಯಾಗೇ ಇರುತ್ತದೆ. ನನಗೂ ಇದನ್ನು ಹೇಳಿದ್ದರು, ತುಂಬ ಸಮಾಧಾನವಾಗಿತ್ತು. ಇದರ ಇನ್ನೊಂದು ಮುಖ ನನಗೆ ಹೊಳೆದೇ ಇರಲಿಲ್ಲ. ನೆತ್ತಿಯಲ್ಲಿ ಮೊದಲಿನಿಂದ ಇದ್ದ ಕೂದಲು ಕೂಡ ತನ್ನ ಗುಣ ಬಿಡುವುದಿಲ್ಲ. ಅದು ಉದುರುವ ಕೂದಲು. ಪಕ್ಕದಲ್ಲಿ ಹೊಸದನ್ನು ನೆಟ್ಟ ಮಾತ್ರಕ್ಕೆ ಅದು ನಿಲ್ಲುವುದಿಲ್ಲ.

2023ರ ಹೊತ್ತಿಗೆ ಆಫೀಸಿನ ಲಿಫ್ಟ್ ನನಗೆ ಶತ್ರುವಾಯಿತು. ಮೇಲೆ ಬಿಳಿ ಎಲ್‌ಇಡಿ, ಮೂರು ಕಡೆ ಕನ್ನಡಿ. ಮುಂದೆ ನೆಟ್ಟ ಸಾಲು ಹಾಗೇ ಇದೆ. ಅದರ ಹಿಂದೆ ಚರ್ಮ ಕಾಣುತ್ತಿದೆ. ಸುಳಿ ಇರುವ ಕಡೆ ಒಂದು ರೂಪಾಯಿ ನಾಣ್ಯದಷ್ಟು ಖಾಲಿ. ಬೇಲಿ ಹಸಿರಾಗಿದ್ದು ಒಳಗಿನ ಹೊಲ ಒಣಗಿದ ಹಾಗೆ.

ಮೊದಲನೇ ಸಲ ಉದುರಿದಾಗ ಒಂದು ದಾರಿ ಇದೆ ಅನ್ನುವ ಆಸೆ ಇತ್ತು. ಎರಡನೇ ಸಲ ಆ ದಾರಿ ಆಗಲೇ ನಡೆದು ಮುಗಿದಿತ್ತು. ದುಡ್ಡು ಹೋಗಿತ್ತು. ಗುಟ್ಟಾಗಿ ಮಾಡಿಸಿಕೊಂಡಿದ್ದಕ್ಕೆ ದುಃಖವನ್ನೂ ಗುಟ್ಟಾಗೇ ಪಡಬೇಕಾಯಿತು. ನನಗೆ ಅತಿ ಕಷ್ಟವಾಗಿದ್ದು ಇದೇ. ವಿಡಿಯೋ ಕಾಲ್‌ನಲ್ಲಿ ಕ್ಯಾಮೆರಾ ಆಫ್ ಮಾಡುತ್ತಿದ್ದೆ. ದಿಂಬಿನ ಮೇಲೆ, ಬಚ್ಚಲ ಜಾಲರಿಯಲ್ಲಿ, ಟವೆಲ್ಲಿನಲ್ಲಿ ಬಿದ್ದ ಕೂದಲು ಎಣಿಸುತ್ತಿದ್ದೆ. ಯಾರಿಗಾದರೂ ದಿನಕ್ಕೆ 50ರಿಂದ 100 ಉದುರುತ್ತದೆ ಅಂತ ಓದಿದ್ದೆ. ನೂರು ದಾಟಿದ ದಿನ ಊಟ ಸೇರುತ್ತಿರಲಿಲ್ಲ.

ಆಮೇಲೆ 2024ರ ಜುಲೈ. ನೆನಪಿರಬೇಕು, ಆ ವರ್ಷ ಡೆಂಗ್ಯೂ ಎಷ್ಟು ಹರಡಿತ್ತು ಅಂದರೆ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ನನಗೂ ಬಂತು. ಪ್ಲೇಟ್‌ಲೆಟ್ ಇಳಿದು ಐದು ದಿನ ಆಸ್ಪತ್ರೆಯಲ್ಲಿದ್ದೆ. ಅಮ್ಮ ಪಕ್ಕದಲ್ಲಿ ಕೂತು ಹರಕೆ ಹೊತ್ತರು. "ನಂಜುಂಡಪ್ಪ, ನನ್ ಮಗನ್ ಜ್ವರ ಬಿಡ್ಸು, ಅವನ್ ಮುಡಿ ನಿಂಗೇ ಕೊಡ್ಸ್ತೀನಿ."

ಜ್ವರ ಬಿಟ್ಟಿತು. ಅಕ್ಟೋಬರ್‌ನಲ್ಲಿ ತಲೆ ತೊಳೆಯುವಾಗ ಕೈ ತುಂಬ ಕೂದಲು ಬಂತು. ಹಳೆಯದು ಮಾತ್ರ ಅಲ್ಲ, ಮುಂದೆ ನೆಟ್ಟಿದ್ದೂ ಉದುರುತ್ತಿತ್ತು. ಜೀವನಪರ್ಯಂತ ಇರುತ್ತದೆ ಅಂದಿದ್ದ ಕೂದಲು. ಅವತ್ತು ಬಚ್ಚಲಲ್ಲೇ ಕೂತು ಅತ್ತೆ. ನಲ್ಲಿ ತಿರುಗಿಸಿಟ್ಟಿದ್ದೆ, ರೂಮ್‌ಮೇಟ್‌ಗೆ ಕೇಳಿಸಬಾರದು ಅಂತ.

ಮೊದಲು ಹೋಗಿದ್ದು ಒಂದು ಕ್ಲಿನಿಕ್‌ಗೆ. ಹತ್ತು ನಿಮಿಷದಲ್ಲಿ ಎರಡನೇ ಟ್ರಾನ್ಸ್‌ಪ್ಲಾಂಟ್‌ಗೆ ರೇಟು ಹೇಳಿದರು, ಕಂತಿನಲ್ಲೂ ಕಟ್ಟಬಹುದು ಅಂದರು. ನನ್ನ ತಲೆ ಮುಟ್ಟಿ ನೋಡಿದವರು ಡಾಕ್ಟರ್ ಅಲ್ಲ. ನಾನು ಸಹಿ ಮಾಡುವುದರಲ್ಲಿದ್ದೆ. ಆಗ ಆಫೀಸಿನ ಗೆಳೆಯನೊಬ್ಬನಿಗೆ ಮೊದಲ ಸಲ ಎಲ್ಲ ಹೇಳಿಕೊಂಡೆ. ಅವನು ತನ್ನ ಅಕ್ಕ ತೋರಿಸುತ್ತಿದ್ದ ಚರ್ಮದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದ.

ಆ ಮೇಡಂ ಮೊದಲು ಕೇಳಿದ್ದು, "ಮೂರು ತಿಂಗಳ ಹಿಂದೆ ಏನಾಗಿತ್ತು?" ನಾನು ಡೆಂಗ್ಯೂ ಅಂದೆ. ಸುಮಾರು 60 ಕೂದಲು ಬೆರಳ ನಡುವೆ ಹಿಡಿದು ಮೆಲ್ಲಗೆ ಎಳೆದರು. ಒಂಬತ್ತು ಕೈಗೆ ಬಂದವು. ಒಂದೊಂದರ ತುದಿಯಲ್ಲೂ ರವೆ ಕಾಳಿಗಿಂತ ಸಣ್ಣ ಬಿಳಿ ಗುಂಡು. "ಇದು ವಿಶ್ರಾಂತಿಗೆ ಹೋದ ಕೂದಲು. ಜೋರು ಜ್ವರ ಬಂದಾಗ ತುಂಬ ಕೂದಲು ಒಟ್ಟಿಗೇ ಬೆಳೆಯುವುದು ನಿಲ್ಲಿಸುತ್ತದೆ, ಎರಡು ಮೂರು ತಿಂಗಳಿಗೆ ಉದುರುತ್ತದೆ. ನೆಟ್ಟಿದ್ದಕ್ಕೂ ಹಾಗೇ ಆಗುತ್ತದೆ. ಬುಡ ಸತ್ತಿಲ್ಲ. ಬರುತ್ತದೆ."

ಆಮೇಲೆ ನೆತ್ತಿಯ ಮೇಲೆ ಒಂದು ಸಣ್ಣ ಕ್ಯಾಮೆರಾ ಇಟ್ಟು ಪರದೆಯಲ್ಲಿ ತೋರಿಸಿದರು. ಒಂದೇ ರಂಧ್ರದಿಂದ ಎರಡು ಕೂದಲು ಹೊರಟಿದ್ದವು. ಒಂದು ಹೊಲಿಗೆ ದಾರದಷ್ಟು ದಪ್ಪ. ಇನ್ನೊಂದು ಜೇಡರ ಬಲೆಯ ಎಳೆಯಷ್ಟು ತೆಳು. "ಇದು ಜ್ವರದ್ದಲ್ಲ. ಇದು ನಿಮ್ಮ ಹಳೆಯ ತೊಂದರೆ. ಎರಡೂ ಒಟ್ಟಿಗೆ ಬಂದಿದೆ, ಅದಕ್ಕೇ ಇಷ್ಟು ಹೆದರಿದ್ದೀರಿ."

ಐದು ವರ್ಷದಲ್ಲಿ ನನ್ನ ತಲೆಯನ್ನು ಯಾರಾದರೂ ಸರಿಯಾಗಿ ನೋಡಿದ್ದು ಅವತ್ತೇ.

ಎರಡನೇ ಆಪರೇಷನ್ ಈಗ ಬೇಡವೇ ಬೇಡ ಅಂದರು. ಉದುರುವುದು ನಿಲ್ಲದೆ ನೆಟ್ಟರೆ ಮತ್ತೆ ಅದೇ ಕಥೆ, ಹಿಂದಿನ ದಾಸ್ತಾನೂ ಖಾಲಿ. ರಕ್ತದಲ್ಲಿ ಫೆರಿಟಿನ್ (ಮೈಯಲ್ಲಿ ಕಬ್ಬಿಣದ ಅಂಶ ಎಷ್ಟು ದಾಸ್ತಾನಿದೆ ಅಂತ ತಿಳಿಸುವುದು), ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ಮಾತ್ರೆ ಮತ್ತೆ ಶುರು ಮಾಡುವ ಮೊದಲು ಅರ್ಧ ಗಂಟೆ ಕೂರಿಸಿ ಮಾತಾಡಿದರು. ಫಿನಾಸ್ಟರೈಡ್ ಡಿಎಚ್‌ಟಿಯನ್ನು ಇಳಿಸುತ್ತದೆ. ಕೆಲವರಿಗೆ ಲೈಂಗಿಕ ಆಸಕ್ತಿ ಕಡಿಮೆಯಾಗಬಹುದು, ಮನಸ್ಸು ಕುಗ್ಗಬಹುದು, ಹಾಗೇನಾದರೂ ಅನಿಸಿದರೆ ತಕ್ಷಣ ಹೇಳಬೇಕು. ಗರ್ಭಿಣಿಯರು ಒಡೆದ ಮಾತ್ರೆ ಮುಟ್ಟಬಾರದು. ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡಕ್ಕೆ ಬಂದ ಮಾತ್ರೆ, ಅದನ್ನು ತೆಗೆದುಕೊಂಡವರ ಮೈಮೇಲೆ ಕೂದಲು ಬೆಳೆದಿದ್ದು ನೋಡಿ ತಲೆಗೆ ಹಚ್ಚುವ ಔಷಧಿ ಮಾಡಿದರು. ಶುರು ಮಾಡಿದ ಮೊದಲ ವಾರಗಳಲ್ಲಿ ಅದು ಇನ್ನೂ ಜಾಸ್ತಿ ಉದುರಿಸಬಹುದು. ಎರಡನ್ನೂ ಬಿಟ್ಟರೆ ಉಳಿಸಿಕೊಂಡ ಕೂದಲು ಕೆಲವು ತಿಂಗಳಲ್ಲಿ ಹೋಗುತ್ತದೆ. ದಯವಿಟ್ಟು ಈ ವಿಡಿಯೋ ನೋಡಿ ಮೆಡಿಕಲ್ ಶಾಪ್‌ಗೆ ಹೋಗಬೇಡಿ. ನಿಮ್ಮ ತಲೆ ಬೇರೆ, ನಿಮ್ಮ ಮೈ ಬೇರೆ. ತೋರಿಸಿಕೊಂಡು ತೆಗೆದುಕೊಳ್ಳಿ.

ಇನ್ನೊಂದು ಮಾತು ಹೇಳಿದರು, ನನಗೆ ಔಷಧಿಗಿಂತ ಜಾಸ್ತಿ ಅದೇ ಉಪಯೋಗಕ್ಕೆ ಬಂತು. "ಎಣಿಸುವುದು ನಿಲ್ಲಿಸಿ. ತಿಂಗಳಿಗೆ ಒಂದೇ ಫೋಟೋ. ಅದೇ ಕಿಟಕಿ, ಅದೇ ಹೊತ್ತು, ಒಣಗಿದ ತಲೆ." ಮೊದಲ ಎರಡು ವಾರ ಕೈ ತಾನಾಗೇ ದಿಂಬಿನ ಕಡೆ ಹೋಗುತ್ತಿತ್ತು. ಕಪ್ಪು ದಿಂಬಿನ ಕವರ್ ತಂದು ಹಾಕಿದೆ. ಸಣ್ಣ ಉಪಾಯ, ಆದರೆ ಬೆಳಿಗ್ಗೆ ಎದ್ದ ತಕ್ಷಣ ಹುಡುಕುವುದು ನಿಂತಿತು.

ಈ ನಡುವೆ ಅಮ್ಮ ಪ್ರತಿ ವಾರ ಫೋನ್ ಮಾಡುತ್ತಿದ್ದರು. "ಹರಕೆ ಬಾಕಿ ಇಟ್ಕೋಬಾರ್ದು ಮಗ." ನಾನು ರಜೆ ಇಲ್ಲ ಅನ್ನುತ್ತಿದ್ದೆ. ತಲೆ ಬೋಳಿಸಿದರೆ ಬುಡಕ್ಕೆ ಏನೂ ಆಗುವುದಿಲ್ಲ ಅಂತ ಮೇಡಂ ಹೇಳಿದ್ದರು. ಕತ್ತಿ ತೆಗೆಯುವುದು ಮೇಲಿನ ಎಳೆಯನ್ನು ಮಾತ್ರ. ನನ್ನ ಹೆದರಿಕೆ ಬುಡದ್ದಲ್ಲ. ಚುಕ್ಕೆಗಳದ್ದು.

ಫೆಬ್ರುವರಿಯಲ್ಲಿ ಹೊರಟೇಬಿಟ್ಟೆವು.

ಇದು ಚೀಟಿ ತೆಗೆದುಕೊಂಡು ಒಳಗೆ ಹೋದ ಮೇಲಿನದು. ಇಲ್ಲಿಂದ ಚಿತ್ರ ಇಲ್ಲ, ಫೋನ್ ಜೇಬಿನಲ್ಲಿತ್ತು, ಧ್ವನಿ ಮಾತ್ರ. ನೀರಿನ ಸದ್ದು ಕೇಳಿಸುತ್ತಿದೆ ಅಲ್ವಾ? ಮುಡಿ ತೆಗೆಯುವ ಯಜಮಾನರು ತಲೆಗೆ ನೀರು ತಟ್ಟಿದರು. ಮುಂದಿನಿಂದ ಶುರು ಮಾಡಿದರು. ಹಿಂದಕ್ಕೆ ಬಂದಾಗ ಕತ್ತಿ ಒಂದು ಕ್ಷಣ ನಿಂತಿತು. ಏನೂ ಕೇಳಲಿಲ್ಲ. "ಇಲ್ಲಿ ಹಗುರಕ್ ಎಳೀತೀನಿ ಸಾಮಿ," ಅಂದರು, ಅಷ್ಟೇ.

ನದಿಯಲ್ಲಿ ಮುಳುಗಿ ಎದ್ದು ಬಂದೆ. ಅಮ್ಮ ಗಂಧ ಕಲಸಿ ಇಟ್ಟುಕೊಂಡಿದ್ದರು. ನೆತ್ತಿಗೆ ಹಚ್ಚಿದರು, ಕಿವಿ ಪಕ್ಕ ಹಚ್ಚಿದರು, ಹಿಂದಕ್ಕೆ ಬಂದರು. ಬೆರಳು ನಿಂತಿತು.

"ಇದೇನ್ ಮಗ ಚುಕ್ಕಿ ಚುಕ್ಕಿ? ಬೆಂಗ್ಳೂರಲ್ಲಿ ಅಮ್ಮ ಆಗಿತ್ತಾ ನಿಂಗೆ? ಒಬ್ನೇ ಮಲ್ಗಿದ್ಯಾ? ನಂಗ್ಯಾಕ್ ಹೇಳ್ಲಿಲ್ಲ?"

ನಮ್ಮ ಕಡೆ ಸಿಡುಬಿನಂಥದ್ದು ಎದ್ದರೆ ಅಮ್ಮ ಆಗಿದೆ ಅನ್ನುತ್ತಾರೆ. ನಾನು ಕಾಯಿಲೆ ಬಿದ್ದು ಒಬ್ಬನೇ ಮಲಗಿದ್ದೆ ಅಂತ ಅವರ ಕಣ್ಣಲ್ಲಿ ನೀರು ಬಂದಿತ್ತು. ಸುಳ್ಳು ಹೇಳಲು ಅದು ಸುಲಭದ ದಾರಿ. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆಗಲಿಲ್ಲ. ಮೆಟ್ಟಿಲ ಮೇಲೆ ಕೂತು ಎಲ್ಲ ಹೇಳಿದೆ.

"ನೋವಾಯ್ತಾ?"

ಮರಗಟ್ಟಿಸುವ ಇಂಜೆಕ್ಷನ್ ಮಾತ್ರ ನೋವಾಯಿತು ಅಂದೆ.

"ಎಷ್ಟಾಯ್ತು ದುಡ್ಡು?"

ಹೇಳಿದೆ. ಸುಮ್ಮನಾದರು. ಸ್ವಲ್ಪ ಹೊತ್ತು ಬಿಟ್ಟು, "ಆ ವರ್ಷ ಮನೆ ಹೆಂಚು ಬದಲಾಯ್ಸೋಕ್ ದುಡ್ಡಿಲ್ಲ ಅಂದಿದ್ದೆ ಅಲ್ವಾ," ಅಂದರು. ಕೋಪದಿಂದ ಅಲ್ಲ. ಲೆಕ್ಕ ಸರಿಹೋಯಿತು ಅನ್ನುವ ಹಾಗೆ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಇವತ್ತಿಗೂ ಇಲ್ಲ. ಅಮ್ಮ ಮತ್ತೆ ಗಂಧಕ್ಕೆ ಬೆರಳು ಅದ್ದಿ, ಹಿಂಭಾಗಕ್ಕೆಲ್ಲ ನಿಧಾನವಾಗಿ ಹಚ್ಚಿದರು.

ಈಗ ಜೂನ್. ಜ್ವರಕ್ಕೆ ಉದುರಿದ್ದು ಬಹುತೇಕ ಬಂದಿದೆ, ಮುಂದಿನ ಸಾಲೂ ಬಂದಿದೆ. ಸುಳಿ ತುಂಬಿಲ್ಲ, ತುಂಬುವ ಭರವಸೆಯನ್ನೂ ಮೇಡಂ ಕೊಟ್ಟಿಲ್ಲ. ಇದ್ದಷ್ಟು ನಿಂತಿದೆ. ಕೂದಲು ಚಿಕ್ಕದಾಗಿ ಕತ್ತರಿಸಿಕೊಳ್ಳುತ್ತೇನೆ, ಚುಕ್ಕೆಗಳು ಹತ್ತಿರದಿಂದ ನೋಡಿದರೆ ಕಾಣುತ್ತವೆ. ಮಾತ್ರೆ ರಾತ್ರಿ ಊಟ ಆದ ಮೇಲೆ. ಈ ವರ್ಷ ಮಳೆಗೆ ಮೊದಲೇ ಹೆಂಚು ಬದಲಾಯಿಸಿದೆವು, ಆ ವಿಡಿಯೋ ಬೇರೆ ಹಾಕುತ್ತೇನೆ.

ಇವತ್ತು ತಿಂಗಳ ಮೊದಲ ಭಾನುವಾರ, ಊರಲ್ಲಿದ್ದೇನೆ. ಇದು ನಮ್ಮ ಮನೆ ಪಡಸಾಲೆಯ ಕಿಟಕಿ. ಬೆಂಗಳೂರಿನ ಕಿಟಕಿ ಅಲ್ಲ, ಆದರೂ ಬೆಳಕು ಚೆನ್ನಾಗಿದೆ. ಫೋನ್ ಹಿಡಿದುಕೊಂಡಿರುವುದು ಅಮ್ಮ.

"ತಲೆ ಇನ್ ಸ್ವಲ್ಪ ಬಗ್ಸು ಮಗ. ಹಾಂ, ಹಂಗೇ ಇರು."