ಬೀಳೋದು ಬೀಳೋದೇ ಅಲ್ವಾ ಬ್ರೋ?

ನಮಸ್ಕಾರ. ಇವತ್ತು ನಂಗೆ ಸ್ವಲ್ಪ ತಲೆ ಕೆಟ್ಟಿದೆ, ಮೊದಲೇ ಹೇಳ್ಬಿಡ್ತೀನಿ.

ಹೋದ ವಾರ ಫ್ಲಾರಿಡಾ ವಿಡಿಯೋ ಹಾಕಿದ್ನಲ್ಲ, ಡಿಸ್ನಿ ಹಾಲಿವುಡ್ ಸ್ಟುಡಿಯೋಸ್ ಅನ್ನೋ ಥೀಮ್ ಪಾರ್ಕ್‌ನ ಟವರ್ ಆಫ್ ಟೆರರ್ ಬಗ್ಗೆ (ದೆವ್ವದ ಹೋಟೆಲ್ ಲಿಫ್ಟಲ್ಲಿ ಕೂರಿಸಿ ಬೀಳಿಸೋ ರೈಡು), ಆ ವಿಡಿಯೋ ಕೆಳಗೆ ಒಬ್ಬ ಮಹಾನುಭಾವರು ಬರೆದಿದಾರೆ: "ಒಂದೂವರೆ ಗಂಟೆ ಕ್ಯೂ, ಒಂದು ಲಿಫ್ಟು. ದೆವ್ವದ ಕಥೆ ಎಲ್ಲ ಬಿಲ್ಡಪ್. ಬೀಳೋದು ಬೀಳೋದೇ ಅಲ್ವಾ ಬ್ರೋ?" ಅದಕ್ಕೆ ಬಿದ್ದಿರೋ ಲೈಕು ನನ್ನ ವಿಡಿಯೋಗೂ ಬಿದ್ದಿಲ್ಲ.

ಅಲ್ಲ ಬ್ರೋ. ಸುಮ್ನೆ ಬೀಳಿಸೋದು ಬೇರೆ, ಹೆದರಿಸಿ ಬೀಳಿಸೋದು ಬೇರೆ.

ಒಳಗೆ ಏನಾಗುತ್ತೆ ಅಂತ ಕೇಳಿ. ಕಥೆ ಇಷ್ಟೇ: 1939ರ ಅಕ್ಟೋಬರ್ 31, ಹ್ಯಾಲೋವೀನ್ ರಾತ್ರಿ. ಹೋಟೆಲ್‌ಗೆ ಸಿಡಿಲು ಬಡಿಯುತ್ತೆ, ಲಿಫ್ಟಲ್ಲಿದ್ದ ಐದು ಜನ ಮಾಯ. ನೀವು ಹೋಗೋದು ಆಮೇಲೆ ಪಾಳುಬಿದ್ದ ಆ ಹೋಟೆಲ್‌ಗೆ. ತೋಟದಲ್ಲಿ ಕಾಡು ಗಿಡ, ಎಲ್ಲಿಂದಲೋ ಹಳೇ ಕಾಲದ ಜಾಜ್. ಲಾಬಿಯಲ್ಲಿ ಯಾರೋ ಆಡ್ತಾ ಆಡ್ತಾ ಅರ್ಧಕ್ಕೆ ಎದ್ದು ಹೋದ ಆಟ ಮೇಜಿನ ಮೇಲೆ ಹಾಗೇ ಇದೆ, ಮೇಲೆಲ್ಲ ಜೇಡರ ಬಲೆ. ನಮ್ಮ ಅಜ್ಜಿ ಇದ್ದಿದ್ರೆ ಪೊರಕೆ ಕೇಳ್ತಿದ್ರು. ಯೂನಿಫಾರ್ಮ್ ಹಾಕಿದ ಹುಡುಗ ನಗೋದೇ ಇಲ್ಲ, ಸುಮ್ನೆ ನಿಮ್ಮನ್ನೇ ನೋಡ್ತಾನೆ. ನನ್ನ ಅಂಗೈ ಬೆವರಿದ್ದು ಅಲ್ಲೇ. ಲಿಫ್ಟ್ ಇನ್ನೂ ಕಣ್ಣಿಗೇ ಬಿದ್ದಿಲ್ಲ!

ಆಮೇಲೆ ಲೈಬ್ರರಿ. ಮಿಂಚು ಹೊಡೆಯುತ್ತೆ, ದೀಪ ಹೋಗುತ್ತೆ, ಕಪ್ಪು ಬಿಳುಪು ಟೀವಿ ತಾನೇ ಹೊತ್ಕೊಳ್ಳುತ್ತೆ. ಅದರಲ್ಲಿ ರಾಡ್ ಸರ್ಲಿಂಗ್, ಟ್ವೈಲೈಟ್ ಜೋನ್ ಅನ್ನೋ ಹಳೇ ಟೀವಿ ಸರಣಿಯ ನಿರೂಪಕ, ನಿಮ್ಮನ್ನು ಒಳಗೆ ಕರೀತಾನೆ. ಆ ಮನುಷ್ಯ ತೀರ್ಕೊಂಡಿದ್ದು 1975ರಲ್ಲಿ. ರೈಡ್ ಶುರುವಾಗಿದ್ದು 1994ರಲ್ಲಿ. ಹಳೇ ಫಿಲ್ಮಿಗೆ ಬೇರೆಯವರ ದನಿ ಕೂಡಿಸಿದಾರೆ. ಸತ್ತವನು ಸ್ವಾಗತ ಹೇಳ್ತಿದಾನೆ, ನೀವು "ಬಿಲ್ಡಪ್" ಅಂತೀರಾ?

ಈಗ ಆ ಕಟ್ಟಡದ ಎತ್ತರ. 199 ಅಡಿ. ಯಾಕೆ 200 ಅಲ್ಲ? ಅಮೆರಿಕದಲ್ಲಿ 200 ಅಡಿ ಮುಟ್ಟಿದ್ರೆ ವಿಮಾನಗಳಿಗೆ ಕಾಣೋ ಹಾಗೆ ತುದೀಲಿ ದೀಪ ಹಾಕ್ಬೇಕು. 1939ರಲ್ಲಿ ಹಾಳಾದ ಹೋಟೆಲ್ ನೆತ್ತಿ ಮೇಲೆ ಕೆಂಪು ದೀಪ ಮಿಣಿಮಿಣಿ ಅಂದ್ರೆ ದೆವ್ವಕ್ಕೆ ಮರ್ಯಾದೆ ಎಲ್ಲುಳಿಯುತ್ತೆ? ಕಥೆ ಕೆಡಬಾರ್ದು ಅಂತ ಒಂದಡಿ ಬಿಟ್ಟಿದಾರೆ ಸ್ವಾಮಿ. ನಮ್ಮೂರಲ್ಲಿ ಸೈಟಿಗೋಸ್ಕರ ಯಾರಾದ್ರೂ ಒಂದಡಿ ಬಿಟ್ಟಿದ್ದು ನೋಡಿದೀರಾ?

ಹಾಂ, ಈ ಎಪಿಸೋಡ್‌ಗೆ ಸ್ಪಾನ್ಸರ್ ಯಾರೂ ಇಲ್ಲ. ಹಾಗಾಗಿ ಸಬ್‌ಸ್ಕ್ರೈಬ್ ಮಾಡಿ. "ಸುಮ್ನಿರೋಕಾಗಲ್ಲ" ಅಂತ ಬರೆದ ಮಗ್ ಇದೆ, ಲಿಂಕ್ ಕೆಳಗಿದೆ. ನಮ್ಮಮ್ಮ ಎರಡು ತಗೊಂಡ್ರು.

ಎಲ್ಲಿದ್ದೆ? ಬೀಳೋದು. ಅಸಲಿಗೆ ಅಲ್ಲಿ ನೀವು ಬೀಳೋದೇ ಇಲ್ಲ ಬ್ರೋ! ಕೇಬಲ್ ಕೆಳಗಿನಿಂದಲೂ ಕಟ್ಟಿದೆ. ಮೋಟಾರು ನಿಮ್ಮನ್ನು ಕೆಳಕ್ಕೆ ಎಳೆಯುತ್ತೆ, ತಾನಾಗಿ ಬೀಳೋದಕ್ಕಿಂತ ಜೋರಾಗಿ. ಅದಕ್ಕೇ ಸೀಟಿಂದ ಮೇಲೇಳ್ತೀರಿ, ಬೆಲ್ಟ್ ಹಿಡ್ಕೊಳ್ಳುತ್ತೆ. ಎಷ್ಟು ಸಲ, ಎಲ್ಲಿಂದ, ಯಾವಾಗ ಅನ್ನೋದನ್ನ ಕಂಪ್ಯೂಟರ್ ಪ್ರತಿ ಸಲ ಬದಲಾಯಿಸುತ್ತೆ. ಹತ್ತು ಸಲ ಹೋದವನಿಗೂ ಗೊತ್ತಿರಲ್ಲ. ಅಂದ್ರೆ ಕತ್ತಲಲ್ಲಿ ಕೂತು ಮತ್ತೆ ಕಾಯೋದೇ! ಕಾಯೋದೇ ರೈಡು. ಬೀಳೋದು ಅದರ ಬಿಲ್ಲು.

"ಕ್ಯಾಲಿಫೋರ್ನಿಯಾದಲ್ಲಿ ದೆವ್ವ ತೆಗೆದ್ರಲ್ಲ, ಜನ ಬರ್ತಾನೇ ಇದಾರೆ" ಅಂತ ಇನ್ನೊಬ್ಬರು. ಹೌದು, ಅಲ್ಲಿನ ಡಿಸ್ನಿ ಪಾರ್ಕಲ್ಲೂ ಇಂಥದೇ ರೈಡ್ ಇತ್ತು, 2017ರಲ್ಲಿ ದೆವ್ವದ ಕಥೆ ತೆಗೆದ್ರು. ಅದೇ ಕಟ್ಟಡ, ಅದೇ ಲಿಫ್ಟು. ಈಗ ಸೂಪರ್ ಹೀರೋಗಳು, ರಾಕ್ ಹಾಡು, ಎಲ್ಲರೂ ಹೋ ಅಂತ ಕುಣಿಯೋದು. ಜನ ಬರ್ತಾರೆ. ಜನ ದೋಸೆಗೆ ಟೊಮೇಟೊ ಸಾಸೂ ಹಾಕ್ಕೊಳ್ತಾರೆ.

ಟೋಕಿಯೋದ ಡಿಸ್ನಿ ಪಾರ್ಕಿನವರನ್ನ ನೋಡಿ, ಅವರಲ್ಲೂ ಈ ರೈಡ್ ಇದೆ. ಅವರಿಗೆ ಆ ಟೀವಿ ಸರಣಿ ಬೇಡವಾಯ್ತು, ದೆವ್ವ ಬೇಕಾಯ್ತು. ಬೇರೆ ಕಥೆ ಹೊಸೆದ್ರು: ಊರೂರು ಲೂಟಿ ಮಾಡಿದ ಶ್ರೀಮಂತ, ಕದ್ದು ತಂದ ಒಂದು ಮೂರ್ತಿ, 1899ರ ಕೊನೇ ರಾತ್ರಿ ತನ್ನದೇ ಹೋಟೆಲ್ ಲಿಫ್ಟಲ್ಲಿ ಅವನೇ ಮಾಯ. ಪರರ ದೇವರನ್ನ ಮನೆಗೆ ತಂದ್ರೆ ಏನಾಗುತ್ತೆ ಅಂತ ನಮಗೆ ಯಾರೂ ಹೇಳ್ಕೊಡಬೇಕಾಗಿಲ್ಲ.

ಅಷ್ಟು ದೂರ ಯಾಕೆ? "ನಾಳೆ ಬಾ" ಮರ್ತೋಯ್ತಾ? ತೊಂಬತ್ತರ ದಶಕ, ರಾತ್ರಿ ಕದ ತಟ್ಟೋ ದೆವ್ವ ಓದಿ ವಾಪಸ್ ಹೋಗ್ಲಿ ಅಂತ ಬೆಂಗಳೂರಲ್ಲಿ ಬೀದಿ ಬೀದಿಯ ಬಾಗಿಲ ಮೇಲೆ ಬರೆದಿತ್ತು. ನಾನು ಚಿಕ್ಕೋನು. ರಾತ್ರಿ ಯಾರಾದ್ರೂ ಕದ ತಟ್ಟಿದ್ರೆ ಅಪ್ಪನೂ ತೆಗೀತಿರ್ಲಿಲ್ಲ. ದೆವ್ವ ಬಂತಾ? ಬರಲೇ ಇಲ್ಲ! ಬಾಗಿಲ ಮೇಲಿನ ಮೂರಕ್ಷರ ಸಾಕಾಯ್ತು. ಬೀಳೋದೇ ಇರಲಿಲ್ಲ ಅಲ್ಲಿ, ಬರೀ ಕ್ಯೂ! ಇಡೀ ಊರು ಕ್ಯೂನಲ್ಲಿ ನಿಂತಿತ್ತು ಬ್ರೋ!

ಇನ್ನೊಂದು ಪಾಯಿಂಟ್ ಬರ್ಕೊಂಡಿದ್ದೆ... ಇಲ್ಲಿ "ವಾಸನೆ" ಅಂತಷ್ಟೇ ಇದೆ. ಏನ್ ವಾಸನೆ ನೆನಪಿಲ್ಲ. ಇರಲಿ, ಅದೂ ನನ್ನ ಪರವೇ.

ಕೊನೇದಾಗಿ ಅದೇ ಮಹಾನುಭಾವರ ಪ್ರಶ್ನೆ: "ತುದೀಲಿ ಬಾಗಿಲು ತೆಗೆದಾಗ ಇಡೀ ಪಾರ್ಕ್ ಕಾಣುತ್ತಲ್ಲ, ಅದರ ಬಗ್ಗೆ ಯಾಕೆ ಒಂದು ಮಾತೂ ಇಲ್ಲ?"

ಹೇಳ್ತೀನಿ. ಬೀಳೋವಾಗ ಅಲ್ಲಿ ಒಂದು ಫೋಟೋ ತೆಗೀತಾರೆ. ಅದರಲ್ಲಿ ಭಾವ ನಗ್ತಿದಾರೆ, ಅಕ್ಕ ಕಿರುಚ್ತಿದಾಳೆ, ಪಕ್ಕದ ಸೀಟಿನ ಎಂಟು ವರ್ಷದ ಹುಡುಗಿ ಎರಡೂ ಕೈ ಮೇಲೆತ್ತಿದಾಳೆ. ನಾನು ಗಟ್ಟಿಯಾಗಿ ಕಣ್ಣು ಮುಚ್ಕೊಂಡು ಆ ಹುಡುಗಿಯ ತೋಳು ಹಿಡ್ಕೊಂಡಿದೀನಿ.

ಆ ಫೋಟೋ ಮೆಂಬರ್ಸ್‌ಗೆ ಮಾತ್ರ.