ಗೆರೆಯೂ ಅಳತೆಯೂ ಒಂದೇ ಮಾತಾಡಲಿ

ಕೇಳುಗರಿಗೆ ನಮಸ್ಕಾರ.

ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ತಂತ್ರಾಂಶ ಆಟೋಕ್ಯಾಡ್ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಇವತ್ತು ಪೀಣ್ಯದ ವರ್ಕ್‌ಶಾಪುಗಳಿಂದ ಹಿಡಿದು ಜಯನಗರದ ಮಹಡಿ ಮೇಲಿನ ಪುಟ್ಟ ಆಫೀಸುಗಳವರೆಗೆ ಅದರಲ್ಲೋ, ಅಂಥದ್ದೇ ಇನ್ನೊಂದು ತಂತ್ರಾಂಶದಲ್ಲೋ ದಿನವಿಡೀ ನಕ್ಷೆ ಬರೆಯುವವರಿದ್ದಾರೆ. ಕಮಾಂಡುಗಳು ಬೇಗ ಕೈಗೆ ಹತ್ತುತ್ತವೆ. ಸೈಟಿನಲ್ಲಿ ಟೇಪು ಹಿಡಿದು ನಿಂತ ಮೇಸ್ತ್ರಿ ಕಣ್ಣುಮುಚ್ಚಿ ನಂಬಬಹುದಾದ ಡ್ರಾಯಿಂಗ್ ಕೊಡುವುದಕ್ಕೆ ಬೇಕಾದ್ದು ಅಭ್ಯಾಸ. ಇವತ್ತಿನ ಮಾತು ಅದರ ಬಗ್ಗೆ. ಉದಾಹರಣೆಗಳೆಲ್ಲ ಮನೆ ಕಟ್ಟುವ ಕೆಲಸದವು.

ಮೊದಲು ಯೂನಿಟ್. ನಮ್ಮ ಊರಿನಲ್ಲಿ ಸೈಟು ಅಡಿಯಲ್ಲಿರುತ್ತದೆ, ಡ್ರಾಯಿಂಗ್ ಮಿಲಿಮೀಟರಿನಲ್ಲಿರುತ್ತದೆ. ಒಂದು ಅಡಿಗೆ 304.8 ಮಿಲಿಮೀಟರ್. ಹಾಗಾಗಿ ಮೂವತ್ತು-ನಲವತ್ತರ ಸೈಟು ಎಂದರೆ 9144 ಮತ್ತು 12192. ಅದನ್ನು 9000, 12000 ಎಂದು ಬರೆದುಕೊಂಡರೆ ಒಂದು ಕಡೆ ಅರ್ಧ ಅಡಿಯಷ್ಟು ಜಾಗ ಕಾಗದದ ಮೇಲೆಯೇ ಕಳೆದುಹೋಯಿತು. ಹೊಸ ಫೈಲ್ ತೆರೆದ ತಕ್ಷಣ 'ಯೂನಿಟ್ಸ್' ಎಂದು ಟೈಪ್ ಮಾಡಿ, ಇನ್ಸರ್ಷನ್ ಸ್ಕೇಲ್ ಮಿಲಿಮೀಟರ್ ಇದೆಯೇ ನೋಡಿ. ಅಲ್ಲಿ ಇಂಚು ಎಂದು ಉಳಿದುಬಿಟ್ಟರೆ, ಬೇರೆ ಕಡೆಯಿಂದ ತಂದ ಬಾಗಿಲಿನ ಬ್ಲಾಕು, ಅಂದರೆ ಒಮ್ಮೆ ಬರೆದಿಟ್ಟು ಬೇಕಾದಲ್ಲಿ ತಂದು ಕೂರಿಸುವ ಚಿತ್ರ, 25.4 ಪಟ್ಟು ಚಿಕ್ಕದಾಗಿಯೋ ದೊಡ್ಡದಾಗಿಯೋ ಬಂದು ಕೂರುತ್ತದೆ. ಆಗ ಪ್ರತಿಸಲ ಸ್ಕೇಲ್ ಮಾಡಿ ಸರಿದೂಗಿಸಬೇಡಿ. ಆ ಬ್ಲಾಕಿನ ಮೂಲ ಫೈಲಿಗೇ ಹೋಗಿ ಯೂನಿಟ್ ತಿದ್ದಿ.

ಇನ್ನು ಅತಿ ಹೆಚ್ಚು ತೊಂದರೆ ಕೊಡುವ ಅಭ್ಯಾಸಕ್ಕೆ ಬರೋಣ. ರೂಮಿನ ಅಗಲ 3000 ಇದೆ. ಮನೆಯವರು 3150 ಬೇಕು ಅಂತಾರೆ. ಅವಸರ. ಡೈಮೆನ್ಷನ್, ಅಂದರೆ ನಕ್ಷೆಯಲ್ಲಿ ಅಳತೆ ತೋರಿಸುವ ಅಂಕಿ, ಅದರ ಮೇಲೆ ಡಬಲ್ ಕ್ಲಿಕ್ ಮಾಡಿ 3150 ಎಂದು ಟೈಪ್ ಮಾಡಿದರೆ ಪ್ರಿಂಟಿನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಆದರೆ ಗೋಡೆಯ ಗೆರೆ 3000ದಲ್ಲೇ ನಿಂತಿದೆ. ಸ್ಟ್ರಕ್ಚರಲ್ ಎಂಜಿನಿಯರ್ ನಿಮ್ಮ ಫೈಲನ್ನು ಕೆಳಗಿಟ್ಟುಕೊಂಡು ಕಾಲಮ್ ಕೂರಿಸುವುದು ಗೆರೆಯ ಮೇಲೆ, ಮೇಸ್ತ್ರಿ ಗುರುತು ಹಾಕುವುದು ಅಂಕಿ ನೋಡಿ. ಇಬ್ಬರ ನಡುವೆ 150 ಮಿಲಿಮೀಟರ್ ವ್ಯತ್ಯಾಸ. ಅದು ಹೊರಗೋಡೆಯಾಗಿದ್ದರೆ ಸೈಟಿನ ಗಡಿಗೂ ಗೋಡೆಗೂ ನಡುವೆ 1000 ಬಿಟ್ಟಿದ್ದ ಖಾಲಿ ಜಾಗ, ಅಂದರೆ ಸೆಟ್‌ಬ್ಯಾಕ್, 850ಕ್ಕೆ ಇಳಿಯುತ್ತದೆ. ವಿಸ್ತೀರ್ಣದ ಲೆಕ್ಕವೂ ಗೆರೆಯಿಂದಲೇ ಬರುವುದರಿಂದ ಅದೂ ತಪ್ಪು.

ಸರಿಯಾದ ದಾರಿ ಅರ್ಧ ನಿಮಿಷದ್ದು. 'ಸ್ಟ್ರೆಚ್' ಕಮಾಂಡ್ ಕೊಡಿ. ಬಲದಿಂದ ಎಡಕ್ಕೆ ಎಳೆದು ಹಸಿರು ಚೌಕಟ್ಟಿನೊಳಗೆ ಆ ಗೋಡೆ, ಅದರಲ್ಲಿರುವ ಕಿಟಕಿ, ಡೈಮೆನ್ಷನ್ನಿನ ಆ ಕಡೆಯ ತುದಿ ಮೂರೂ ಬರುವಂತೆ ಹಿಡಿಯಿರಿ. ಎಫ್8 ಒತ್ತಿ, ನೇರ ದಿಕ್ಕಿನಲ್ಲಷ್ಟೇ ಸರಿಯಲು ಬಿಡುವ ಆರ್ಥೋ ಹಾಕಿ, ಮೌಸನ್ನು ಗೋಡೆ ಸರಿಯಬೇಕಾದ ದಿಕ್ಕಿಗೆ ತಿರುಗಿಸಿ, 150 ಟೈಪ್ ಮಾಡಿ. ಅಂಕಿ ತಾನಾಗಿಯೇ 3150 ಆಗುತ್ತದೆ. ಆಗದಿದ್ದರೆ ಯಾವುದೋ ತುದಿ ಆ ಹಸಿರು ಚೌಕಟ್ಟಿನಿಂದ ಹೊರಗುಳಿದಿದೆ, ಇಲ್ಲವೇ ಯಾರೋ ಹಿಂದೆಯೇ ಅಂಕಿ ಟೈಪ್ ಮಾಡಿದ್ದಾರೆ. ಡೈಮೆನ್ಷನ್ ಹಿಡಿದು ಕಂಟ್ರೋಲ್-1 ಒತ್ತಿ, ಪ್ರಾಪರ್ಟೀಸಿನಲ್ಲಿ 'ಟೆಕ್ಸ್ಟ್ ಓವರ್‌ರೈಡ್' ಸಾಲು ನೋಡಿ. ಅದು ಖಾಲಿ ಇರಬೇಕು.

ಇದರ ತಮ್ಮನಂಥ ತಪ್ಪು ಇನ್ನೊಂದಿದೆ. ಡೈಮೆನ್ಷನ್ನಿನಲ್ಲಿ ದಶಮಾಂಶ ಸ್ಥಾನ ಸೊನ್ನೆ ಇಟ್ಟಿದ್ದರೆ 9143.6 ಕೂಡ 9144 ಎಂದೇ ಕಾಣುತ್ತದೆ. ಬರೆಯುವಾಗ ಎರಡು ದಶಮಾಂಶ ಇಟ್ಟುಕೊಂಡು, ಪ್ರಿಂಟಿಗೆ ಮೊದಲು ತೆಗೆಯಿರಿ. ಚೂರುಪಾರು ಅಂಕಿ ಕಂಡ ಕಡೆ ತುದಿ ಸರಿಯಾಗಿ ಕೂತಿಲ್ಲ. ಮೌಸನ್ನು ಗೆರೆಯ ಬಿಂದುಗಳಿಗೆ ಅಂಟಿಸುವ ಸ್ನ್ಯಾಪಿನಲ್ಲಿ, ಗೆರೆಯ ಯಾವ ಜಾಗಕ್ಕಾದರೂ ಅಂಟುವ 'ನಿಯರೆಸ್ಟ್' ಸದಾ ಆನ್ ಇದ್ದರೆ ಹೀಗೇ ಆಗುವುದು. ಎಂಡ್‌ಪಾಯಿಂಟ್, ಮಿಡ್‌ಪಾಯಿಂಟ್, ಇಂಟರ್‌ಸೆಕ್ಷನ್ ಸಾಮಾನ್ಯವಾಗಿ ಸಾಕು.

ಗೆರೆಗಳನ್ನು ಬೇರೆಬೇರೆಯಾಗಿ ಇಡುವ ಪದರ, ಅಂದರೆ ಲೇಯರ್ ಬಗ್ಗೆ ಎರಡೇ ಮಾತು. ಬ್ಲಾಕನ್ನು ಸೊನ್ನೆ ಲೇಯರಿನಲ್ಲಿ ಬರೆಯಿರಿ, ತಂದು ಕೂರಿಸಿದ ಲೇಯರಿನ ಬಣ್ಣ ಹಿಡಿಯುತ್ತದೆ. ಪರದೆಯಲ್ಲಿ ಕಾಣುವ ಗೆರೆ ಪ್ರಿಂಟಿನಲ್ಲಿ ಬರದಿದ್ದರೆ ಅದು 'ಡೆಫ್‌ಪಾಯಿಂಟ್ಸ್' ಲೇಯರಿನಲ್ಲಿದೆಯೇ ಎಂದು ಮೊದಲು ನೋಡಿ, ಆ ಲೇಯರ್ ಪ್ರಿಂಟ್ ಆಗುವುದಿಲ್ಲ.

ಸರ್ವೆ ಫೈಲಿನ ಮೇಲೆ ಕೆಲಸ ಮಾಡುವವರು ಗಮನಿಸಿ. ಭೂಮಿಯನ್ನು ವಲಯಗಳಾಗಿ ಹಂಚಿ ಜಾಗವನ್ನು ಮೀಟರಿನಲ್ಲಿ ಗುರುತಿಸುವ ಯುಟಿಎಂ ಪದ್ಧತಿಯಲ್ಲಿ ಬೆಂಗಳೂರು 43ನೇ ಉತ್ತರ ವಲಯದಲ್ಲಿದೆ. ಇಲ್ಲಿನ ಬಿಂದುವಿನ ನಾರ್ದಿಂಗ್, ಅಂದರೆ ಸಮಭಾಜಕದಿಂದ ಉತ್ತರಕ್ಕಿರುವ ದೂರ, ಸುಮಾರು 14 ಲಕ್ಷ ಮೀಟರ್. ಅದನ್ನು ಮಿಲಿಮೀಟರಿಗೆ ತಿರುಗಿಸಿದರೆ 140 ಕೋಟಿ ದಾಟುತ್ತದೆ. ಮೂಲಬಿಂದುವಿನಿಂದ ಅಷ್ಟು ದೂರ ಕೂತು ಬರೆದರೆ ಒಳಗೆ ತುಂಬಿದ ಗೆರೆಗಳ ವಿನ್ಯಾಸ, ಅಂದರೆ ಹ್ಯಾಚ್, ಹರಿದುಹೋದಂತೆ ಬರುತ್ತದೆ, ವೃತ್ತ ನಡುಗಿದಂತೆ ಕಾಣುತ್ತದೆ. ಸರ್ವೆ ಫೈಲನ್ನು ಮುಟ್ಟಬೇಡಿ. ಪ್ರತಿ ಮಾಡಿಕೊಂಡು ಸೊನ್ನೆಯ ಹತ್ತಿರಕ್ಕೆ ಸರಿಸಿ, ಎಷ್ಟು ಸರಿಸಿದ್ದೀರಿ ಎಂಬುದನ್ನು ಡ್ರಾಯಿಂಗಿನಲ್ಲೇ ಬರೆದಿಡಿ.

ಕನ್ನಡದಲ್ಲಿ ಟಿಪ್ಪಣಿ ಬರೆದರೆ ಮೇಸ್ತ್ರಿಗೆ ಎಷ್ಟೋ ಅನುಕೂಲ, ದಯವಿಟ್ಟು ಬರೆಯಿರಿ. ಆದರೆ 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದದ್ದು, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ತೆರೆದುಕೊಳ್ಳುತ್ತದೆ. ಯೂನಿಕೋಡಿನಲ್ಲಿ ಟೈಪ್ ಮಾಡಿ, ಟೆಕ್ಸ್ಟ್ ಸ್ಟೈಲಿಗೆ ವಿಂಡೋಸಿನ ಜೊತೆಯೇ ಬರುವ ನಿರ್ಮಲಾ ಯುಐ ಫಾಂಟ್ ಕೊಡಿ. ಕಳಿಸುವಾಗ ಪಿಡಿಎಫ್ ಕೂಡ ಇರಲಿ.

ಬೇಸಿಗೆ ಸಂಜೆ ಗುಡುಗು ಕೇಳುತ್ತಿದ್ದಂತೆ ಕರೆಂಟ್ ಹೋಗುವ ಊರು ನಮ್ಮದು. ಆಟೋಸೇವ್ ಸಾಮಾನ್ಯವಾಗಿ 10 ನಿಮಿಷಕ್ಕೆ ಇರುತ್ತದೆ, 5ಕ್ಕೆ ಇಳಿಸಿ. ಕರೆಂಟ್ ಹೋಗಿ ಫೈಲ್ ಕಳೆದರೆ ಎಸ್‌ವಿ-ಡಾಲರ್ ಎಂದು ಕೊನೆಯಾಗುವ ಫೈಲನ್ನು ಹುಡುಕಿ, ಹೆಸರಿನ ಕೊನೆಯನ್ನು ಡಿಡಬ್ಲ್ಯುಜಿ ಎಂದು ಬದಲಿಸಿ ತೆರೆಯಿರಿ. ನೀವಾಗಿಯೇ ಫೈಲ್ ಮುಚ್ಚಿದ್ದರೆ ಅದು ಉಳಿದಿರುವುದಿಲ್ಲ. ತಪ್ಪಾಗಿ ಏನೋ ಅಳಿಸಿ ಸೇವ್ ಮಾಡಿಬಿಟ್ಟಿದ್ದರೆ ಆಸರೆ ಬಿಎಕೆ ಎಂದು ಕೊನೆಯಾಗುವ ಫೈಲು. ಅದರಲ್ಲಿರುವುದು ಹಿಂದಿನ ಸೇವ್ ಮಾತ್ರ. ಇನ್ನೊಮ್ಮೆ ಸೇವ್ ಒತ್ತಿದರೆ ಅದೂ ಹೋಯಿತು, ಆದ್ದರಿಂದ ಮೊದಲು ಅದನ್ನು ಬೇರೆ ಫೋಲ್ಡರಿಗೆ ಪ್ರತಿ ಮಾಡಿ.

ಕೊನೆಗೆ ಪ್ರಿಂಟ್. ಎ1 ಹಾಳೆಗೆ 1:100ರಲ್ಲಿ ಇಟ್ಟ ಡ್ರಾಯಿಂಗ್ ಎ3ಯಲ್ಲಿ ತೆಗೆದರೆ 1:200 ಆಗುತ್ತದೆ, ಆದ್ದರಿಂದ ಹಾಳೆಯ ಮೂಲೆಯಲ್ಲಿ ಸ್ಕೇಲ್ ಪಟ್ಟಿಯೊಂದನ್ನು ಬರೆದಿಡಿ, ಹಾಳೆ ಕುಗ್ಗಿದರೆ ಅದೂ ಜೊತೆಗೇ ಕುಗ್ಗುತ್ತದೆ. ಸೈಟಿಗೆ ಕಳಿಸುವ ಮುನ್ನ ಒಂದು ಪ್ರತಿ ತೆಗೆದು ಸ್ಕೇಲ್ ಇಟ್ಟು ಅಳೆಯಿರಿ. 1:100ರ ಪ್ರಿಂಟಿನಲ್ಲಿ 9144ರ ಗೆರೆ ಸುಮಾರು ತೊಂಬತ್ತೊಂದೂವರೆ ಮಿಲಿಮೀಟರ್ ಬರಬೇಕು. 88 ಬಂದರೆ 'ಫಿಟ್ ಟು ಪೇಪರ್' ಟಿಕ್ ಆಗಿರಬಹುದು. ಅದನ್ನು ತೆಗೆದು ಮತ್ತೆ ಪ್ರಿಂಟ್ ಕೊಡಿ.

ನಮಸ್ಕಾರ.