ಫೇಲಾಗಲು ಜಾಗವಿರಲಿ

ಎಲ್ಲರಿಗೂ ನಮಸ್ಕಾರ. ಕರಾಟೆ ಹೇಳಿಕೊಡುವ ಸೆನ್ಸೈ ಅವರೇ, ಅಪ್ಪ ಅಮ್ಮಂದಿರೇ, ಕಾಲು ಜೋಮು ಹಿಡಿದರೂ ಅಲುಗಾಡದೆ ಮಂಡಿಯೂರಿ ಕೂತಿರುವ ಮಕ್ಕಳೇ. ಮೊದಲು ನೀವು ಕಾಲು ಬಿಟ್ಟು ಆರಾಮಾಗಿ ಕೂತುಕೊಳ್ಳಿ. ನನ್ನ ಮಾತು ಉದ್ದ ಅಂತ ನಿಮ್ಮ ಸೆನ್ಸೈಗೆ ಗೊತ್ತು. ಆದರೂ ಕರೆದಿದ್ದಾರೆ, ಅನುಭವಿಸಲಿ.

ಬೆಳಗ್ಗೆಯಿಂದ ಬೆಲ್ಟ್ ಪರೀಕ್ಷೆ ನೋಡಿದೆ. ಇನ್ನು ಸ್ವಲ್ಪ ಹೊತ್ತಿಗೆ ಬೆಲ್ಟ್ ಕೊಡುತ್ತಾರೆ. ಕೆಲವರಿಗೆ ಇವತ್ತು ಹೊಸ ಬೆಲ್ಟ್ ಸಿಗುವುದಿಲ್ಲ. ಮಧ್ಯಾಹ್ನ ಒಬ್ಬ ತಾಯಿ ನನ್ನ ಹತ್ತಿರ ಬಂದು, "ಸರ್, ಸಣ್ಣ ಮಕ್ಕಳು. ಸುಮ್ನೆ ಎಲ್ಲರಿಗೂ ಕೊಟ್ಟುಬಿಟ್ಟರೆ ಏನು ಹೋಗುತ್ತೆ?" ಎಂದರು. ಮೂರು ವಿಷಯ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದೆ. ಅದು ಜೇಬಿನಲ್ಲೇ ಇರಲಿ. ಮೊದಲು ಆ ತಾಯಿಗೆ ಉತ್ತರ ಕೊಡುತ್ತೇನೆ.

ನಾನು ಬ್ಲಾಕ್ ಬೆಲ್ಟ್ ಪರೀಕ್ಷೆಯಲ್ಲಿ ಫೇಲಾದವನು. ಮಗನನ್ನು ಕ್ಲಾಸಿಗೆ ಬಿಡಲು ಹೋಗಿ, ಕಾಯುವುದು ಬೇಜಾರಾಗಿ ಸೇರಿಕೊಂಡವನು. ಬ್ರೌನ್ ಬೆಲ್ಟಿಗೆ ಬರುವಷ್ಟರಲ್ಲಿ ತಲೆಯಲ್ಲಿ ಕೂದಲು ಅರ್ಧ ಉಳಿದಿತ್ತು. ಪರೀಕ್ಷೆಗೆ ಅಂತ ಒಂದು ವರ್ಷ ಬಸ್ಸಾಯ್ ದಾಯ್ ಅನ್ನುವ ಕಟಾ ಮಾಡಿದೆ. ಕಟಾ ಅಂದರೆ ಒಬ್ಬರೇ ಕ್ರಮವಾಗಿ ಮಾಡುವ ನಡೆಗಳ ಸರಣಿ. ಅಡುಗೆಮನೆಯಲ್ಲಿ, ಮಹಡಿಯ ಮೇಲೆ, ಒಮ್ಮೆ ಲಿಫ್ಟಿನೊಳಗೆ ಕೂಡ. ಪರೀಕ್ಷೆಯ ದಿನ ಕಿಹೋನ್, ಅಂದರೆ ಮೂಲ ಹೊಡೆತ ತಡೆಗಳು, ಚೆನ್ನಾಗಿ ಹೋಯಿತು. ಬಸ್ಸಾಯ್ ದಾಯ್ ಅಂತೂ ಬೆಣ್ಣೆಯ ಹಾಗೆ ಹೋಯಿತು. ಬಗ್ಗಿ ನಮಸ್ಕರಿಸಿ ನಿಂತೆ. ಮಧ್ಯೆ ಕೂತಿದ್ದ ಪರೀಕ್ಷಕರು ಹಾಳೆಯಿಂದ ತಲೆ ಎತ್ತದೆ, "ಹೇಯಾನ್ ಯೋಂಡಾನ್" ಎಂದರು.

ನೋಡಿ, ಹಿಂದೆ ನಿಂತಿರುವ ಬ್ರೌನ್ ಬೆಲ್ಟಿನವರು ಆಗಲೇ ನಗುತ್ತಿದ್ದಾರೆ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಹೇಯಾನ್ ಕಟಾಗಳು ಐದು. ಎರಡನೆಯದು ನಿಡಾನ್, ನಾಲ್ಕನೆಯದು ಯೋಂಡಾನ್. ಎರಡೂ ಶುರುವಾಗುವುದು ಹೆಚ್ಚುಕಡಿಮೆ ಒಂದೇ ಥರ. ಎಡಕ್ಕೆ ತಿರುಗಿ, ಭಾರ ಹಿಂದಿನ ಕಾಲಿನ ಮೇಲೆ ಹಾಕಿ, ಎರಡೂ ಕೈ ಮೇಲೆತ್ತಬೇಕು. ಒಂದು ಕೈ ಮುಂದೆ, ಇನ್ನೊಂದು ಹಣೆಯ ಹತ್ತಿರ. ನಿಡಾನ್‌ನಲ್ಲಿ ಮುಷ್ಟಿ, ಚುರುಕು. ಯೋಂಡಾನ್‌ನಲ್ಲಿ ಬಿಚ್ಚಿದ ಕೈ, ನೀರಿನೊಳಗಿಂದ ಎತ್ತಿದಷ್ಟು ನಿಧಾನ. ಅಷ್ಟೇ ವ್ಯತ್ಯಾಸ.

ನಾನು ನಿಧಾನವಾಗಿಯೇ ಎತ್ತಿದೆ. ಹಣೆಯ ಹತ್ತಿರ ಬಂದಾಗ ಕೈ ತಾನಾಗಿ ಮುಚ್ಚಿಕೊಂಡಿತು. ನನ್ನ ಮುಷ್ಟಿ ನನಗೇ ಕಾಣುತ್ತಿದೆ. ಹೆಬ್ಬೆರಳಿನ ಉಗುರು ಬೆಳ್ಳಗಾಗಿದೆ. ಇದು ಇಲ್ಲಿರಬಾರದಲ್ಲಾ ಅಂತ ತಲೆ ಯೋಚಿಸುತ್ತಿರುವಾಗಲೇ ಮೈ ನಿಡಾನ್ ಹಿಡಿದು ಹೊರಟುಬಿಟ್ಟಿತು. ನಿಲ್ಲಿಸಲಾಗಲಿಲ್ಲ. 26 ನಡೆಗಳನ್ನೂ ಮಾಡಿದೆ. ಬೆರಳ ತುದಿಯಿಂದ ಇರಿಯುವ ಜಾಗದಲ್ಲಿ ಕಿಯಾಯ್, ಅಂದರೆ ಹೊಡೆತದ ಜೊತೆಗಿನ ಕೂಗು, ಅದನ್ನೂ ಕೂಗಿದೆ, ಗೋಡೆ ಅದುರುವ ಹಾಗೆ. ಅಷ್ಟು ಧೈರ್ಯವಾಗಿ ತಪ್ಪು ಮಾಡಿದ್ದು ಜೀವನದಲ್ಲಿ ಅದೇ ಮೊದಲು.

ಪರೀಕ್ಷಕರು, "ನಿಡಾನ್ ಚೆನ್ನಾಗಿತ್ತು. ನಾನು ಕೇಳಿದ್ದು ಯೋಂಡಾನ್. ಆರು ತಿಂಗಳು ಬಿಟ್ಟು ಬನ್ನಿ" ಎಂದರು.

ಅದೇ ದಿನ ನನ್ನ ಮಗನಿಗೆ ಗ್ರೀನ್ ಬೆಲ್ಟ್ ಬಂದಿತ್ತು. ದಾರಿಯುದ್ದಕ್ಕೂ ಅವನು ಅದನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಮನೆ ಹತ್ತಿರ ಬಂದಾಗ, "ಅಪ್ಪ, ನಾಳೆ ಕ್ಲಾಸಿಗೆ ಬರ್ತೀಯಾ?" ಎಂದು ಕೇಳಿದ. ಮರುದಿನ ಅದೇ ಬ್ರೌನ್ ಬೆಲ್ಟ್ ಕಟ್ಟಿಕೊಂಡು ಆ ಬಾಗಿಲು ದಾಟಿದ್ದು ಪರೀಕ್ಷೆಗಿಂತ ಕಷ್ಟವಾಯಿತು.

ಆಮೇಲೆ ಯೋಂಡಾನ್ ತಿದ್ದಲು ಕೂತಾಗ ಒಂದು ವಿಷಯ ತಿಳಿಯಿತು. ಅದು ನನಗೆ ಯಾವತ್ತೂ ಸರಿಯಾಗಿ ಬಂದೇ ಇರಲಿಲ್ಲ. ಕೆಲವು ವರ್ಷಗಳ ಹಿಂದೆ ಆ ಕಟಾದ ಪರೀಕ್ಷೆಯಲ್ಲಿ ತಡವರಿಸಿದ್ದೆ. "ವಯಸ್ಸಾದವರು, ಪಾಪ" ಅಂತ ಬೆಲ್ಟ್ ಕೊಟ್ಟಿದ್ದರು. ಆ ದಯೆಯ ಸಾಲ ಬಡ್ಡಿ ಸಮೇತ ವಸೂಲಾಯಿತು, ಅದೂ ಎಲ್ಲರ ಎದುರಿಗೆ. ಅಮ್ಮಾ, ಸುಮ್ನೆ ಕೊಟ್ಟರೆ ಏನು ಹೋಗುತ್ತೆ ಅಂದಿರಲ್ಲ, ಹೋಗುವುದು ಇದೇ.

ಈಗ ಚೀಟಿ ತೆಗೆಯುತ್ತೇನೆ. ಮೊದಲನೆಯದು, ಇತಿಹಾಸ. ಬಣ್ಣದ ಬೆಲ್ಟು ಸಾವಿರ ವರ್ಷದ್ದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಬಿಳಿ ಬೆಲ್ಟ್ ಕೊಳೆಯಾಗಿ ಆಗಿ ಕಪ್ಪಾಯಿತು ಅನ್ನುವ ಕಥೆಯೂ ಇದೆ. ಒಗೆಯದವರು ಕಟ್ಟಿದ ಕಥೆ ಇರಬೇಕು! ಬ್ಲಾಕ್ ಬೆಲ್ಟಿನವರಿಗೆ ಕೊಡುವ ಡಾನ್ ದರ್ಜೆ ಬಂದಿದ್ದು ಜೂಡೋದಿಂದ. ಜೂಡೋ ಕಟ್ಟಿದ ಕಾನೋ ಜಿಗೊರೊ ಅದನ್ನು 1880ರ ದಶಕದಲ್ಲಿ ಶುರುಮಾಡಿದರು. ಕರಾಟೆ ಹುಟ್ಟಿದ ಓಕಿನಾವಾ ದ್ವೀಪದ ಹಳೆಯ ಗುರುಗಳ ಹತ್ತಿರ ಬೆಲ್ಟೂ ಇರಲಿಲ್ಲ, ಸರ್ಟಿಫಿಕೇಟೂ ಇರಲಿಲ್ಲ. ಕರಾಟೆ ಗುರು ಫುನಾಕೋಶಿ ಗಿಚಿನ್ 1922ರಲ್ಲಿ ಓಕಿನಾವಾದಿಂದ ಟೋಕಿಯೋಗೆ ಬಂದರು. ಜೂಡೋದ ಪದ್ಧತಿಯನ್ನೇ ತೆಗೆದುಕೊಂಡು 1924ರಲ್ಲಿ ತಮ್ಮ ಶಿಷ್ಯರಿಗೆ ಮೊದಲ ಬ್ಲಾಕ್ ಬೆಲ್ಟ್ ಕೊಟ್ಟರು. ಬಣ್ಣಗಳು ಜಾಸ್ತಿಯಾಗಿದ್ದು ಅದಕ್ಕೂ ಆಮೇಲೆ. ಇವತ್ತಿಗೂ ಒಂದೊಂದು ಶೈಲಿಯಲ್ಲಿ ಒಂದೊಂದು ಕ್ರಮ. ಹಾಗಾಗಿ ಪಕ್ಕದ ಮನೆ ಹುಡುಗನ ಬಣ್ಣದ ಜೊತೆ ನಿಮ್ಮ ಮಗಳ ಬಣ್ಣ ಹೋಲಿಸಬೇಡಿ.

ಬ್ಲಾಕ್ ಬೆಲ್ಟಿಗೆ ಮುಂಚಿನ ದರ್ಜೆಗಳಿಗೆ ಕ್ಯೂ ಅನ್ನುತ್ತಾರೆ. ಕ್ಯೂ ಹತ್ತರಿಂದ ಒಂದಕ್ಕೆ ಇಳಿಯುತ್ತದೆ, ಡಾನ್ ಒಂದರಿಂದ ಏರುತ್ತದೆ. ಬ್ಲಾಕ್ ಬೆಲ್ಟಿನ ಮೊದಲ ದರ್ಜೆಗೆ ಶೋಡಾನ್ ಅನ್ನುತ್ತಾರೆ. 'ಶೋ' ಅಂದರೆ ಆರಂಭ. ಅಷ್ಟು ಒದ್ದಾಡಿದ ಮೇಲೆ ಆರಂಭ ಅಂತೆ!

ಎರಡನೆಯದು, ಪರೀಕ್ಷೆಯಿಂದ ಸಿಗುವುದೇನು. ಬೆಳಗ್ಗೆ ಐದು ಹೆಜ್ಜೆಯ ಕುಮಿತೆ, ಅಂದರೆ ಜೋಡಿಯಾಗಿ ಮಾಡುವ ಕಾದಾಟದ ಅಭ್ಯಾಸ, ನಡೆಯುತ್ತಿತ್ತು. ಒಬ್ಬರು ಐದು ಸಲ ಪಂಚ್ ಮಾಡುತ್ತಾ ಮುಂದೆ ಬರುತ್ತಾರೆ, ಇನ್ನೊಬ್ಬರು ತಡೆಯುತ್ತಾ ಹಿಂದೆ ಸರಿಯುತ್ತಾರೆ, ಕೊನೆಗೆ ತಿರುಗಿ ಒಂದು ಪಂಚ್. ಹಳದಿ ಬೆಲ್ಟಿನ ಒಬ್ಬ ಪುಟ್ಟ ಹುಡುಗಿಗೆ ಅವಳಿಗಿಂತ ಒಂದಡಿ ಎತ್ತರದ ಹುಡುಗ ಜೋಡಿಯಾಗಿದ್ದ. ಮೊದಲ ಪಂಚ್ ಬಂದಾಗ ಅವಳ ಕಣ್ಣು ಗಟ್ಟಿಯಾಗಿ ಮುಚ್ಚಿತ್ತು, ಕೈ ಮಾತ್ರ ಮೇಲೆದ್ದಿತ್ತು. ಎರಡನೆಯದಕ್ಕೂ ಹಾಗೇ. ಮೂರನೆಯದಕ್ಕೆ ಒಂದು ಕಣ್ಣು ಸ್ವಲ್ಪ ತೆರೆಯಿತು. ಐದನೆಯದಕ್ಕೆ ಎರಡೂ ಕಣ್ಣು ತೆರೆದೇ ಇದ್ದವು, ಮುಷ್ಟಿಯನ್ನು ನೋಡಿಯೇ ತಡೆದಳು. ತಿರುಗಿ ಹೊಡೆಯುವುದನ್ನು ಮಾತ್ರ ಮರೆತಳು. ಬಿಡಿ, ಮರೆಯಲಿ. ಫಲಿತಾಂಶ ನನಗೂ ಗೊತ್ತಿಲ್ಲ, ಪಟ್ಟಿ ಸೆನ್ಸೈ ಹತ್ತಿರ ಇದೆ. ಮನೆಯಲ್ಲಿ ಕನ್ನಡಿ ಮುಂದೆ ಎಷ್ಟು ಅಭ್ಯಾಸ ಮಾಡಿದ್ದರೂ ಆ ಕಣ್ಣು ತೆರೆಯುತ್ತಿರಲಿಲ್ಲ, ಅಲ್ವಾ? ಎದುರಿಗೆ ಪಂಚ್ ಬರಬೇಕು. ಫೇಲಾಗಬಹುದು ಅನ್ನುವ ಭಯ...

ಸರಿ, ಸರಿ. ಐದು ನಿಮಿಷ ಅಂತ ಚೀಟಿ ಬಂತು. ಇದು ಎರಡನೇ ಚೀಟಿ, ಮೊದಲನೆಯದನ್ನು ನೋಡದ ಹಾಗೆ ಇದ್ದೆ.

ಮೂರನೆಯದು ಬೇಗ ಮುಗಿಸುತ್ತೇನೆ. ಪೋಷಕರೇ, ಮಗು ಕಟಾ ಮಾಡುವಾಗ ಪಕ್ಕದಿಂದ "ಎಡಕ್ಕೆ, ಎಡಕ್ಕೆ" ಅಂತ ಕೂಗಬೇಡಿ. ಇವತ್ತು ಒಬ್ಬರು ಕೂಗಿದ್ದು ಬಲಕ್ಕೆ ತಿರುಗಬೇಕಾದ ಜಾಗದಲ್ಲಿ. ಪರೀಕ್ಷಕರಿಗೂ ಒಂದು ಮಾತು. ಫೇಲ್ ಅಂತ ಹೇಳಿ ಸುಮ್ಮನಾಗಬೇಡಿ. ಎಲ್ಲಿ, ಯಾವ ನಡೆಯಲ್ಲಿ ಅಂತ ತೋರಿಸಿ ಕಳಿಸಿ. ನನಗೆ ಯೋಂಡಾನ್ ಅನ್ನುವ ಒಂದು ಹೆಸರು ಸಿಕ್ಕಿತ್ತು, ಅದಕ್ಕೇ ಆರು ತಿಂಗಳು ತಳ್ಳಲು ಸಾಧ್ಯವಾಯಿತು. ಅಭ್ಯಾಸದ ಸಮಯ, ಫೀಸು, ಇನ್ನೂ ಏನೇನೋ ಬರೆದುಕೊಂಡಿದ್ದೆ. ಬಿಡಿ.

ಇವತ್ತು ಹಳೇ ಬೆಲ್ಟಿನಲ್ಲೇ ಮನೆಗೆ ಹೋಗುವ ಮಕ್ಕಳು, ಫೋಟೋ ಗಲಾಟೆ ಮುಗಿದ ಮೇಲೆ ಆ ಮೂಲೆಗೆ ಬನ್ನಿ. ನಾನು ಅಲ್ಲೇ ಇರುತ್ತೇನೆ. ಎಲ್ಲಿ ತಪ್ಪಿತು ಅಂತ ಮಾಡಿ ತೋರಿಸಿ. ನಿಡಾನ್, ಯೋಂಡಾನ್ ಕಲಸಿಹೋಗಿದ್ದರೆ ಅದನ್ನು ನಾನೇ ಹೇಳಿಕೊಡುತ್ತೇನೆ.